ಕಸದ ಗಾಡಿಯ ಹಾಡಿಗೆ ಎರಡು ಅರ್ಜಿ

ನನ್ನ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಬೇಗ ಸವೆಯುತ್ತದೆ. ದಾಂಡೇಲಿ ಪೇಟೆಯ ಚಪ್ಪಲಿ ಅಂಗಡಿಯವರು ಪ್ರತಿ ಸಲವೂ ಅದನ್ನು ತಿರುಗಿಸಿ ನೋಡಿ, “ಟೀಚರ್, ಒಂದ ಕಾಲಿಲೆ ಅಡ್ಡಾಡ್ತೀರೇನ್ರಿ?” ಎಂದು ಕೇಳುತ್ತಾರೆ. ಅಡ್ಡಾಡುವುದು ಎರಡೂ ಕಾಲಿನಿಂದಲೇ. ತಾಳ ಹಾಕುವುದು ಮಾತ್ರ ಎಡಗಾಲು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾನ್ವೆಂಟಿನಲ್ಲಿ ಸಿಂಗಿಂಗ್ ಟೀಚರ್ ಆಗಿದ್ದವಳ ಕಾಲು ಅದು. ನಾನು ರಿಟೈರ್ ಆಗಿ ಹದಿನಾರು ವರ್ಷವಾಯಿತು. ಕಾಲಿಗೆ ಆ ಆರ್ಡರ್ ಇನ್ನೂ ತಲುಪಿಲ್ಲ. ಕುಕ್ಕರ್ ಕೂಗಿದರೂ ಹಾಕುತ್ತದೆ, ಪಕ್ಕದ ಮನೆಯ ವೈನಿ ಚಾದರ ಝಾಡಿಸಿದರೂ ಹಾಕುತ್ತದೆ.

ಆ ಕಾಲು ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ನನಗೆ ಒಂದು ದ್ರೋಹ ಮಾಡಿತು. ಯಾವ ಕಾರಣಕ್ಕೂ ಇಷ್ಟಪಡಬಾರದು ಎಂದು ನಾನು ತೀರ್ಮಾನಿಸಿದ್ದ ಒಂದು ಹಾಡಿಗೆ, ನನ್ನನ್ನು ಒಂದು ಮಾತೂ ಕೇಳದೆ, ಗೇಟಿನ ಹತ್ತಿರ, ಕೈಯಲ್ಲಿ ಕಸದ ಬಕೆಟ್ ಇರುವಾಗ, ತಾಳ ಹಾಕಿಬಿಟ್ಟಿತು.

ಹಾಡಿನ ಸಮಾಚಾರ ಹೇಳುತ್ತೇನೆ. ಹಾಡಿದವರು ‘ಲೇಟ್ ಲಗೇಜ್’ ಎಂಬ ಬ್ಯಾಂಡಿನವರು. ಹೆಸರು ಇಂಗ್ಲಿಷು, ಹಾಡು ಕನ್ನಡ. ನನ್ನ ತಂಗಿಯ ಮೊಮ್ಮಗಳು ಶ್ರೇಯಾ ನನ್ನ ಜೊತೆಗಿದ್ದಾಳೆ; ಮುಂಡಗೋಡದ ಹುಡುಗಿ, ಜೋಯ್ಡಾ ರಸ್ತೆಯ ಒಂದು ರೆಸಾರ್ಟಿನಲ್ಲಿ ಫ್ರಂಟ್ ಆಫೀಸ್ ಕೆಲಸ. “ಅಜ್ಜಿ, ಇದು ಇಂಡೀ ಬ್ಯಾಂಡ್” ಎಂದು ಅವಳೇ ಮೊದಲು ಹೇಳಿದ್ದು. ನಾನು ವಿಜಯಪುರದ ಕಡೆಯ ಇಂಡಿ, ಲಿಂಬೆಹಣ್ಣಿನ ಊರು ಎಂದುಕೊಂಡು, “ಪಾಪ, ಅಷ್ಟು ದೂರದಿಂದ ಬಂದಾರೇನು?” ಎಂದೆ. ಅವಳು ನಕ್ಕು ನಕ್ಕು ಸೋಫಾದ ಮೇಲೆ ಉರುಳಿದಳು. ಇಂಡೀ ಎಂದರೆ ಇಂಡಿಪೆಂಡೆಂಟ್ ಅಂತೆ. ದೊಡ್ಡ ಕಂಪನಿಯ ಹಂಗಿಲ್ಲದವರು, ಸ್ವಂತ ಬುದ್ಧಿಯವರು.

“ಸ್ವಂತ ಬುದ್ಧಿಯವರು ನಾಲ್ಕೂ ಮಂದಿ ಒಂದ ನಮೂನಿ ಗಡ್ಡ ಯಾಕ ಬಿಟ್ಟಾರ?” ಎಂದು ಕೇಳಿದೆ.

ಭಾನುವಾರದ ಪುರವಣಿಯಲ್ಲಿ ಅವರ ಅರ್ಧ ಪುಟದ ಫೋಟೊ ಬಂತು. ನಮ್ಮ ಕಡೆ ಹಂಚು ಕಾಯುವ ಬಿಸಿಲಿನಲ್ಲಿ ಒಬ್ಬನ ತಲೆಯ ಮೇಲೆ ಉಣ್ಣೆ ಟೊಪ್ಪಿಗೆ. ‘ಕನ್ನಡ ಸಂಗೀತದ ಹೊಸ ಉಸಿರು’ ಎಂದು ತಲೆಬರಹ. ಹಳೆಯ ಉಸಿರಿನವರು ನಾವು ಇನ್ನೂ ಇದ್ದೇವೆ ಎನ್ನುವುದನ್ನು ಯಾರಾದರೂ ಆ ಪೇಪರಿನವರಿಗೆ ಹೇಳಬೇಕಿತ್ತು. ಅವರು ಜೋಯ್ಡಾದ ಒಂದು ಹೋಂಸ್ಟೇಯಲ್ಲಿ ವಾರಗಟ್ಟಲೆ ಮೊಬೈಲ್ ಬಂದ್ ಮಾಡಿಕೊಂಡು ಕುಳಿತು, ಕಾಳಿ ನದಿಯ ದನಿ ಕೇಳಿ ಈ ಹಾಡು ಕಟ್ಟಿದರಂತೆ. ಜೋಯ್ಡಾದಲ್ಲಿ ಮೊಬೈಲ್ ಬಂದ್ ಮಾಡುವುದು ಏನು ದೊಡ್ಡ ತಪಸ್ಸು? ಚಾಲೂ ಇಟ್ಟರೂ ಅಲ್ಲಿ ಅದು ಬಂದೇ ಇರುತ್ತದೆ.

ಇಷ್ಟೆಲ್ಲಾ ಮಾಡಿ ಕಟ್ಟಿದ ಹಾಡು ಇಷ್ಟು: “ಈ ದಂಡಿ ನಂದಲ್ಲ, ಆ ದಂಡಿ ನಂದಲ್ಲ, ನಡುವ ಹರಿಯೋದಷ್ಟೇ ನಂದು.” ಒಂಬತ್ತು ಪದ. ಅದರಲ್ಲಿ ಎರಡು ರಿಪೀಟ್. ಉಳಿದದ್ದೆಲ್ಲ ಓ ಓ ಓ. ಹಾಡುವ ಹುಡುಗ ‘ನಂದು’ ಎನ್ನುವಲ್ಲಿ ಪ್ರತಿ ಸಲವೂ ಸ್ವರಕ್ಕಿಂತ ಒಂದು ಕೂದಲೆಳೆ ಕೆಳಗೆ ಇಳಿಯುತ್ತಾನೆ. ಫ್ಲ್ಯಾಟ್. ನಮ್ಮ ಕಾಲದಲ್ಲಿ ಅದಕ್ಕೆ ತಿದ್ದಿಸುತ್ತಿದ್ದರು, ಈಗ ಅದಕ್ಕೆ ಸ್ಟೈಲ್ ಎನ್ನುತ್ತಾರೆ.

ತಪ್ಪಿಸಿಕೊಳ್ಳೋಣವೆಂದರೆ ಎಲ್ಲಿಗೆ ಹೋಗುವುದು? ರಾಫ್ಟಿಂಗ್ ಜೀಪುಗಳಲ್ಲಿ ಅದೇ. ಹಳಿಯಾಳದ ಬಸ್ಸಿನಲ್ಲಿ ಅದೇ. ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಮಲಗಿದರೆ, ಓಡಿಹೋಗಲು ಆಗುವುದಿಲ್ಲ ಎಂದು ಗೊತ್ತಿದ್ದ ಹಾಗೆ, ಅದೇ. ಶ್ರೇಯಾಳ ಅಲಾರಾಂ ಕೂಡ ಅದೇ. ಅವಳು ಏಳುವುದಿಲ್ಲ, ನಾನು ಏಳುತ್ತೇನೆ.

ಹಾಗೆಂದು ಒಂದೇ ಹಾಡನ್ನು ಊರಿಗೆ ಊರೇ ಅರೆದು ಕುಡಿಯುವುದು ಹೊಸದೇನಲ್ಲ. ನಾನು ಹುಟ್ಟಿದ್ದು ಹಳಿಯಾಳದಲ್ಲಿ. ಅಪ್ಪ ಕಟ್ಟಿಗೆ ಡಿಪೋದಲ್ಲಿ ಕ್ಲಾರ್ಕ್. ಅವರ ಅಂಗಿಯಿಂದ ಸಾಗವಾನಿ ಹೊಟ್ಟಿನ ವಾಸನೆ ತೊಳೆದರೂ ಹೋಗುತ್ತಿರಲಿಲ್ಲ. ಡಿಪೋದ ಆಚೆಗೆ ಟೆಂಟ್ ಸಿನಿಮಾ ಬರುತ್ತಿತ್ತು. ಪಿಕ್ಚರ್ ಯಾವುದೇ ಇರಲಿ, ಶೋಗೆ ಮೊದಲು ಒಂದೇ ಒಂದು ರೆಕಾರ್ಡ್ ಹಾಕುವರು. ಅವರ ಹತ್ತಿರ ಇದ್ದದ್ದೇ ಅದೊಂದು ಎಂದು ಕಾಣುತ್ತದೆ. ಒಂದು ಕಡೆ ಗೀರು ಬಿದ್ದು, ನಡುವೆ ಬಿಕ್ಕಳಿಸುತ್ತಿತ್ತು. ನಮ್ಮ ಅವ್ವ ಆ ಹಾಡು ಶುರುವಾದ ಕೂಡಲೇ ಒಲೆಯ ಮೇಲಿನ ಹಂಚು ಇಳಿಸಿ, “ಊಟಕ್ಕ ಏಳ್ರಿ, ಟೆಂಟಿನಾವ ಅಳಾಕ ಹತ್ತಿದಾ” ಎನ್ನುತ್ತಿದ್ದಳು. ಈಗಲೂ ನನಗೆ ಯಾರಾದರೂ ಬಿಕ್ಕಳಿಸಿದರೆ ಜೋಳದ ರೊಟ್ಟಿಯ ನೆನಪಾಗುತ್ತದೆ.

ಆ ಬಿಕ್ಕಳಿಕೆಯ ಹಾಡು ಚೆನ್ನಾಗಿತ್ತೋ ಕೆಟ್ಟದ್ದೋ ನಾವು ಯಾರೂ ಕೇಳಿಕೊಳ್ಳಲಿಲ್ಲ. ಗಡಿಯಾರವನ್ನು ಯಾರು ಹಾಗೆ ಕೇಳುತ್ತಾರೆ? ಹಾಡು ಚೆನ್ನಾಗಿರಬೇಕು, ಸರಿಯಾಗಿರಬೇಕು ಎನ್ನುವ ರೋಗ ನನಗೆ ಅಂಟಿದ್ದು ಕಾನ್ವೆಂಟಿನಲ್ಲಿ.

ಅಪ್ಪನಿಗೆ ದಾಂಡೇಲಿಗೆ ವರ್ಗವಾಯಿತು, ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಹಣೆಯ ಮೇಲೆ ಅಜ್ಜಿ ಎಳೆದ ವಿಭೂತಿ, ಬಾಯಲ್ಲಿ ಯೇಸುವಿನ ಸ್ತುತಿಯ ಹಿಮ್. ಯಾರಿಗೂ ಅದರಲ್ಲಿ ತೊಂದರೆ ಕಾಣಲಿಲ್ಲ. ಸಿಂಗಿಂಗ್ ರೂಮಿನಲ್ಲಿ ಒಂದು ಪಿಯಾನೊ ಇತ್ತು. ಮಳೆಗಾಲದ ತೇವಕ್ಕೆ ಎರಡು ಕೀ ಮೂಕವಾಗಿದ್ದವು. ಆ ಎರಡು ಸ್ವರ ಬಂದಾಗ ಹಾಡು ಕಲಿಸುವ ಸಿಸ್ಟರ್ ಬರ್ನಾಡೆಟ್ ಬಾಯಲ್ಲಿ “ಟಂಗ್” ಎನ್ನುತ್ತಿದ್ದರು. ಸಿಂಗಿಂಗ್ ಪೊಸಿಷನ್ ಎಂದರೆ ಎರಡೂ ಕೈ ಬೆನ್ನ ಹಿಂದೆ, ಗದ್ದ ಮೇಲೆ, ಮೈ ಅಲುಗುವಂತಿಲ್ಲ. ಈಗಲೂ ಸಂಗೀತ ಕೇಳಿದರೆ ನನ್ನ ಕೈ ತಾವೇ ಬೆನ್ನ ಹಿಂದೆ ಹೋಗುತ್ತವೆ. ಮದುವೆ ಮನೆಯಲ್ಲಿ ಬ್ಯಾಂಡ್ ಬಾರಿಸಿದರೆ ನಾನು ಪೊಲೀಸರ ಮುಂದೆ ನಿಂತವಳ ಹಾಗೆ ಕಾಣುತ್ತೇನಂತೆ.

ಅಲ್ಲಿ ಪಾರ್ಲರಿನಲ್ಲಿ, ಅಂದರೆ ಬಂದವರನ್ನು ಕೂರಿಸುವ ಕೋಣೆಯಲ್ಲಿ, ಒಂದು ಗಾಜಿನ ತೊಟ್ಟಿ, ಅದರಲ್ಲಿ ಗೋಲ್ಡ್‌ಫಿಶ್. ಸುಮ್ಮನೆ ಬಾಯಿ ತೆರೆದು ಮುಚ್ಚುವ ಮೀನು. ಸಿಸ್ಟರ್ ಪೇರೆಂಟ್ಸ್ ಡೇಗೆ ಮೊದಲು ಹಾಡುವವರ ಸಾಲುಗಳ ನಡುವೆ ಅಡ್ಡಾಡುತ್ತಾ ಒಬ್ಬೊಬ್ಬರ ಬಾಯಿಗೆ ಕಿವಿ ಕೊಡುವರು. ದನಿ ಒಡೆದು ಕೇಳಿಸಿದ ಹುಡುಗಿಯ ಭುಜ ಒಮ್ಮೆ ಮುಟ್ಟುವರು, ಅಷ್ಟೇ. ಮುಟ್ಟಿಸಿಕೊಂಡವಳು ಗೋಲ್ಡ್‌ಫಿಶ್. ಅವಳು ಯೂನಿಫಾರ್ಮ್ ಹಾಕಿಕೊಂಡು, ರಿಬ್ಬನ್ ಕಟ್ಟಿಕೊಂಡು, ಸ್ಟೇಜಿನ ಮೇಲೆ ನಿಲ್ಲಬಹುದು. ಬಾಯಿ ಆಡಿಸಬೇಕು, ದನಿ ಬಿಡಬಾರದು. ತಂದೆತಾಯಿಗೆ ಮಗಳು ಹಾಡಿದ ಸಂತೋಷ, ಟೀಚರಿಗೆ ಹಾಡು ಕೆಡದ ಸಂತೋಷ. ಎಷ್ಟು ನಾಜೂಕಿನ ಪದ್ಧತಿ ಎಂದು ನನಗೆ ಆಗ ಅನಿಸಿತ್ತು. ನನ್ನ ಭುಜವನ್ನು ಯಾರೂ ಮುಟ್ಟಿರಲಿಲ್ಲವಲ್ಲ.

ಸಿಸ್ಟರ್ ಹೋದ ಮೇಲೆ ಆ ರೂಮು, ಆ ಪಿಯಾನೊ, ಆ ಪದ್ಧತಿ ಮೂರೂ ನನಗೆ ಬಂದವು. ನಾನು ಎಷ್ಟು ಭುಜ ಮುಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ನಮ್ಮ ಹಾಡಿನ ತಂಡ, ಕ್ವಾಯರ್, ಪ್ರತಿ ವರ್ಷ ಕಪ್ ತರುತ್ತಿತ್ತು. ಅದನ್ನು ಮಾತ್ರ ಎಣಿಸಿದ್ದೇನೆ.

ಎಲ್ಲಿದ್ದೆ? ಕಸದ ಗಾಡಿ.

ನಮ್ಮ ಓಣಿಗೆ ಬೆಳಿಗ್ಗೆ ಏಳು ಗಂಟೆಗೆ ಕಸದ ಗಾಡಿ ಬರುತ್ತದೆ. ಮೊದಲು ಅದರಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿರಿ ಎನ್ನುವ ಹಾಡು ಬರುತ್ತಿತ್ತು. ಒಂದು ಮಳೆಯಲ್ಲಿ ಆ ಹಾಡಿನ ಕಾರ್ಡ್ ತೊಯ್ದು ಹೋಯಿತು. ಮರುದಿನದಿಂದ ‘ಈ ದಂಡಿ ನಂದಲ್ಲ’. ಗಾಡಿಯ ಡ್ರೈವರ್ ಒಬ್ಬ ಹೆಂಗಸು. ಖಾಕಿ ಕೋಟು, ಟೊಪ್ಪಿಗೆ, ಮೂಗಿನ ಮೇಲಿನವರೆಗೆ ಮಾಸ್ಕ್. ಅವಳು ತನ್ನ ಪೆನ್‌ಡ್ರೈವ್ ಹಾಕಿದ್ದಳು. ಹಾಕಿದ್ದಲ್ಲದೆ ಜೊತೆಗೆ ಹಾಡುತ್ತಲೂ ಇದ್ದಳು. ಸಣ್ಣಗೆ ಗುನುಗುವುದಲ್ಲ, ಸ್ಪೀಕರನ್ನು ಮೀರಿಸಿ ಹಾಡುವುದು. ಓಣಿಯ ತುದಿಯ ಬೇವಿನ ಮರದ ಕಾಗೆಗಳು ಎದ್ದು ಹೋಗುತ್ತಿದ್ದವು.

ಮೊದಲ ವಾರ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಬಕೆಟ್ ಹಿಡಿದೆ. ಎರಡನೇ ವಾರ ಹತ್ತಿ ಮರೆತೆ. ಮೂರನೇ ವಾರ ಒಂದು ವಿಷಯ ಗಮನಕ್ಕೆ ಬಂತು. ಎರಡನೇ ‘ನಂದಲ್ಲ’ ಆದ ಮೇಲೆ ಗಿಟಾರು, ಗಡ್ಡ, ಓ ಓ ಎಲ್ಲಾ ನಿಂತುಬಿಡುತ್ತವೆ. ನಾಲ್ಕು ಎಣಿಕೆ ಖಾಲಿ. ಕೆಳಗೆ ಒಂದು ಡ್ರಮ್ ಮಾತ್ರ, ಅದೂ ಆಚೆಯ ಕೋಣೆಯಲ್ಲಿ ಯಾರೋ ಬಡಿದ ಹಾಗೆ. ಆಮೇಲೆ ‘ನಡುವ ಹರಿಯೋದಷ್ಟೇ ನಂದು’. ಆ ನಾಲ್ಕು ಎಣಿಕೆಯ ಖಾಲಿಯಲ್ಲಿ ಡ್ರೈವರ್ ಹೆಂಗಸು ತನ್ನದೇ ಒಂದು ಏರುದನಿ ಎಳೆಯುತ್ತಿದ್ದಳು. ಶಬ್ದವಿಲ್ಲ, ಅರ್ಥವಿಲ್ಲ; ಹೊಲದ ಈ ಬದುವಿನಿಂದ ಆ ಬದುವಿನವರನ್ನು ಕರೆದ ಹಾಗೆ. ಅದು ನಾಲ್ಕನೇ ಎಣಿಕೆಗೆ ಸರಿಯಾಗಿ ಬಂದು ಇಳಿಯುತ್ತಿತ್ತು. ನನ್ನ ಎಡಗಾಲು ತಾಳ ಹಾಕಿದ್ದು ಅಲ್ಲಿ.

ಹಾಕಿದರೆ ಹಾಕಲಿ, ಯಾರೂ ನೋಡದಿದ್ದರೆ ಮುಗಿದಿತ್ತು. ಪಕ್ಕದ ಮನೆಯ ವೈನಿ ನೋಡಿಬಿಟ್ಟರು. ವೈನಿ ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಅವರ ಬಾಯಿ ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕದು.

“ಅಯ್ಯ ಟೀಚರ್! ಕುಣ್ಯಾಕ ಹತ್ತೀರಲ್ರಿ! ನಿನ್ನೆ ಈ ಹಾಡು ಕೇಳಿದ್ರ ಹೊಟ್ಟಿ ತೊಳಸ್ತೈತಿ ಅಂದಿದ್ರಿ?”

“ಇರುವಿ ಹತ್ತಿತ್ತು ಕಾಲಿಗೆ,” ಎಂದೆ.

“ಛಂದ ತಾಳದಾಗ ಕಚ್ಚತೈತಿ ಬಿಡ್ರಿ ನಿಮ್ಮ ಇರುವಿ.”

ಓಣಿಯ ನಾಲ್ಕು ಬಕೆಟ್‌ಗಳು ನಕ್ಕವು. ಡ್ರೈವರ್ ಹೆಂಗಸಿನ ಕಣ್ಣು ಕೂಡ ಮಾಸ್ಕಿನ ಮೇಲೆ ನಕ್ಕ ಹಾಗೆ ಕಂಡಿತು. ನಾನು ಒಳಗೆ ಬಂದವಳೇ ರೂಲಿನ ಕಾಗದ ತೆಗೆದು ಅರ್ಜಿ ಬರೆದೆ. ಈಗ ಒಪ್ಪಿಕೊಳ್ಳುತ್ತೇನೆ: ಹಾಡು ಕೆಟ್ಟದ್ದೆಂದು ಬರೆಯಲಿಲ್ಲ, ಕಾಲು ಕೆಟ್ಟಿತೆಂದು ಬರೆದೆ. ಆದರೆ ಅರ್ಜಿಯಲ್ಲಿ ಹಾಗೆ ಹೇಳಲಾಗುತ್ತದೆಯೇ? ‘ರಿಸ್ಪೆಕ್ಟೆಡ್ ಸರ್, ವಿತ್ ಡ್ಯೂ ರಿಗಾರ್ಡ್ಸ್’ ಎಂದು ಶುರುಮಾಡಿ, ಕಸದ ಗಾಡಿಯಲ್ಲಿ ಸಾರ್ವಜನಿಕ ಉಪಯೋಗದ ಹಾಡಿನ ಬದಲು ಖಾಸಗಿ ಹಾಡು ಹಾಕುವುದು ನ್ಯೂಸೆನ್ಸ್ ಎಂದೂ, ಅದು ‘ಮ್ಯೂಸಿಕಲಿ ಇನ್‌ಕರೆಕ್ಟ್’ ಎಂದೂ, ಡ್ರೈವರ್ ಕೂಡ ಹಾಡುವುದರಿಂದ ವೃದ್ಧರಿಗೆ ತೊಂದರೆ ಎಂದೂ ಬರೆದೆ. ಕರ್ಸಿವ್‌ನಲ್ಲಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಒಂದು ಚಿತ್ತೂ ಇಲ್ಲದೆ. ಇಷ್ಟು ವಯಸ್ಸಾದರೂ ನನ್ನ ಅಕ್ಷರ ಕೆಟ್ಟಿಲ್ಲ ಎಂದು ಹೆಮ್ಮೆಯಿಂದ ಎರಡು ಸಲ ಓದಿದೆ. ನಗರಸಭೆಯ ಆಫೀಸಿಗೆ ನಾನೇ ನಡೆದು ಹೋಗಿ ಕೊಟ್ಟು ಬಂದೆ.

ಅರ್ಜಿಗಳಿಗೆ ಉತ್ತರ ಬರುವುದಿಲ್ಲ ಎನ್ನುವವರು ಇನ್ನು ಮುಂದೆ ನನ್ನ ಮುಂದೆ ಹಾಗೆ ಹೇಳಬಾರದು. ನಾಲ್ಕನೇ ದಿನಕ್ಕೆ ಹಾಡು ಬಂದಾಯಿತು.

ಗಾಡಿ ಈಗ ಒಂದು ಸೀಟಿ ಊದಿಕೊಂಡು ಬರುತ್ತಿತ್ತು. ಸೀಟಿಯನ್ನು ಬಸ್ ಕಂಡಕ್ಟರೂ ಊದುತ್ತಾನೆ, ಶಾಲೆಯ ಡ್ರಿಲ್ ಮಾಸ್ತರೂ ಊದುತ್ತಾನೆ. ಯಾವುದು ಕಸದ್ದು ಎಂದು ಓಣಿಗೆ ತಿಳಿಯಲಿಲ್ಲ. ವೈನಿ ಮೂರು ದಿನ ಗಾಡಿ ತಪ್ಪಿಸಿಕೊಂಡರು. ಮೂರನೇ ದಿನ ಮಂಗಗಳು ಬಂದು ಅವರ ಬಕೆಟ್ ಉರುಳಿಸಿ, ಬಾಳೆಸಿಪ್ಪೆಯನ್ನು ತುಳಸಿಕಟ್ಟೆಯ ತನಕ ಹರಡಿ ಹೋದವು.

“ಯಾರೋ ಪುಣ್ಯಾತ್ಮರು ಅರ್ಜಿ ಕೊಟ್ಟಾರಂತ,” ಎಂದರು ವೈನಿ, ಕಸಬರಿಗೆ ಹಿಡಿದು ನನ್ನ ಗೇಟಿನ ಕಡೆಗೇ ನೋಡುತ್ತಾ. “ಇಂಗ್ಲಿಷ್‌ನ್ಯಾಗ.”

ನಾನು ಮಲ್ಲಿಗೆ ಬಳ್ಳಿಗೆ ನೀರು ಹಾಕುವುದರಲ್ಲಿ ಬಹಳ ಬಿಜಿ ಇದ್ದೆ.

ಗೆದ್ದೆನಲ್ಲ, ಸಂತೋಷವಾಗಬೇಕಿತ್ತು. ಏಳು ಗಂಟೆಗೆ ಗೇಟಿನಲ್ಲಿ ನಿಂತರೆ ಎಡಗಾಲು ಸುಮ್ಮನೆ ಎತ್ತಿಕೊಂಡು ಕಾಯುತ್ತಿತ್ತು. ಸೀಟಿ ಬರುತ್ತಿತ್ತು, ಗಾಡಿ ಹೋಗುತ್ತಿತ್ತು, ಕಾಲು ಇಳಿಯುತ್ತಿತ್ತು. ಒಂದು ಸಂಜೆ ಶ್ರೇಯಾ ಕೆಲಸದಿಂದ ಬಂದಾಗ, “ಆ ಹಾಡು ಇದ್ರ ಹಚ್ಚು ಒಮ್ಮೆ,” ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಹಚ್ಚಿದಳು. ಗಡ್ಡದವರು ಬಂದರು, ಈ ದಂಡಿ ಆ ದಂಡಿ ಆಯಿತು, ಖಾಲಿ ಬಂತು. ಖಾಲಿಯೇ ಇತ್ತು. ಡ್ರಮ್ ಮಾತ್ರ ಆಚೆಯ ಕೋಣೆಯಲ್ಲಿ ಬಡಿದುಕೊಂಡಿತು.

“ಏನೋ ಕಡಿಮಿ ಆಗೇತಿ ಇದರಾಗ,” ಎಂದೆ.

“ಇಲ್ಲಜ್ಜಿ, ಒರಿಜಿನಲ್ ಇದ.”

ಒರಿಜಿನಲ್ ಇರಬಹುದು. ಆದರೆ ನಾನು ಅವತ್ತು ಮೊದಲ ಸಲ ಆ ಗಡ್ಡದವರ ಪರವಾಗಿ ಒಂದು ಮಾತು ಯೋಚಿಸಿದೆ. ಅವರು ಹಾಡಿನ ನಡುವೆ ಜಾಗ ಬಿಟ್ಟಿದ್ದಾರೆ. ನಾಲ್ಕು ಜನ ಹುಡುಗರು, ತಮ್ಮದೇ ಹಾಡು, ಪೇಪರಿನಲ್ಲಿ ಫೋಟೊ, ಆದರೂ ನಾಲ್ಕು ಎಣಿಕೆ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಬುದ್ಧಿಯಿಂದ ಮಾಡಿದರೋ ಪದ ಸಿಗದೆ ಮಾಡಿದರೋ ಗೊತ್ತಿಲ್ಲ. ಮೂವತ್ತು ವರ್ಷದಲ್ಲಿ ನಾನು ಕಲಿಸಿದ ಯಾವ ಹಾಡಿನಲ್ಲೂ ಇನ್ನೊಬ್ಬರು ಬಂದು ಹೋಗುವಷ್ಟು ಜಾಗ ಇರಲಿಲ್ಲ.

ಮರುದಿನ ಬೆಳಿಗ್ಗೆ ಸೀಟಿ ನನ್ನ ಗೇಟಿನ ಮುಂದೆ ನಿಂತಿತು. ಓಣಿಯಲ್ಲಿ ಬೇರೆ ಯಾರೂ ಹೊರಗೆ ಬಂದಿರಲಿಲ್ಲ. ಡ್ರೈವರ್ ಕೆಳಗಿಳಿದು ನನ್ನ ಬಕೆಟ್ ತೆಗೆದುಕೊಂಡಳು. ಹಸಿ ಕಸ ಸುರಿದಳು, ಬಕೆಟ್ ಬಡಿದಳು, ವಾಪಸ್ ಕೊಟ್ಟಳು. ಮಾಸ್ಕ್ ಕೆಳಗೆ ಎಳೆದಳು. ನಲವತ್ತು ದಾಟಿದ ಮುಖ, ಅಗಲ ಹಣೆ, ಟೊಪ್ಪಿಗೆಯ ಅಂಚಿನಲ್ಲಿ ಗುಂಗುರು ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

“ಗುಡ್ ಮಾರ್ನಿಂಗ್ ಮಿಸ್,” ಎಂದಳು. ಮಾರ್ನಿಂಗನ್ನು ಉದ್ದಕ್ಕೆ ಎಳೆದು, ಮಿಸ್ ಅನ್ನು ಕೊನೆಯಲ್ಲಿ ಮೇಲಕ್ಕೆ ಎತ್ತಿ. ನಮ್ಮ ಕಾನ್ವೆಂಟಿನ ಮಕ್ಕಳು ಮಾತ್ರ ಹಾಗೆ ಅನ್ನುತ್ತಾರೆ. “ಗುರ್ತು ಸಿಗಲಿಲ್ಲೇನ್ರಿ? ಕ್ಲಾರಾ. ಫಿಫ್ತ್ ಬಿ. ಬೋರ್ಡಿಂಗಿನಾಕಿ.”

ಹೆಸರು ಸಿಕ್ಕಿತು, ಮುಖ ಸಿಗಲಿಲ್ಲ. ಅವಳೇ ಮುಂದುವರಿಸಿದಳು.

“ಗೋಲ್ಡ್‌ಫಿಶ್ ರೀ.”

ಆಗ ಸಿಕ್ಕಿತು. ಹಳಿಯಾಳದ ಕಡೆಯ ಸಿದ್ದಿ ಮನೆತನದ ಹುಡುಗಿ. ಸಾಂಬ್ರಾಣಿ ಹತ್ತಿರದ ಊರು. ಮೊದಲ ಸಿಂಗಿಂಗ್ ಪೀರಿಯಡ್ಡಿನಲ್ಲೇ ಎಲ್ಲರ ದನಿಯನ್ನೂ ಮುಳುಗಿಸಿ ಹಾಡಿದ್ದಳು. ಕೈ ಬೆನ್ನ ಹಿಂದೆ ಕಟ್ಟಿದರೆ ಕಾಲು ಬಡಿಯುತ್ತಿದ್ದಳು. ನಾವು ಉಸಿರು ತೆಗೆದುಕೊಳ್ಳುವ ಕಡೆ ಅವಳು ಒಂದು ಏರುದನಿ ಎಳೆದಳು. ಯಾಕೆ ಎಂದು ಕೇಳಿದರೆ, “ನಮ್ಮನ್ಯಾಗ ಧಮಾಮ ಬಾರ್ಸುವಾಗ ಹಿಂಗ ಹಾಡ್ತಾರ್ರಿ ಮಿಸ್” ಎಂದಿದ್ದಳು. ಧಮಾಮ ಎಂದರೆ ಅವರ ಮನೆಯ ಉದ್ದನೆಯ ಚರ್ಮದ ವಾದ್ಯ. “ಇದು ಧಮಾಮ ಅಲ್ಲ ಕ್ಲಾರಾ, ಇದು ಕ್ವಾಯರ್,” ಎಂದು ಹೇಳಿ ನಾನು ಅವಳ ಭುಜ ಮುಟ್ಟಿದ್ದೆ. ಸ್ವರ ತಪ್ಪಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಸಾಲಿನಲ್ಲಿ ಕೂಡುತ್ತಿರಲಿಲ್ಲ, ಅಷ್ಟೇ. ಆ ವರ್ಷ ಕಪ್ ಬಂತು. ಮರುವರ್ಷ ಅವಳ ಭುಜದಿಂದ ಕೈ ತೆಗೆಯಬೇಕು ಎಂಬುದು ನನಗೆ ನೆನಪಾಗಲಿಲ್ಲ, ಅದರ ಮರುವರ್ಷವೂ. ಟೆಂತ್ ಮುಗಿಯುವ ತನಕ ಆ ಹುಡುಗಿ ಕೊನೆಯ ಸಾಲಿನಲ್ಲಿ ನಿಂತು ಬಾಯಿ ಆಡಿಸಿದಳು.

ವಾರಗಟ್ಟಲೆ ಗೇಟಿನಲ್ಲಿ ನಿಂತು ಕೇಳಿದರೂ ಆ ದನಿ ನನಗೆ ಗುರುತು ಸಿಗದಿದ್ದುದಕ್ಕೆ ಕಾರಣ ಇದೆ. ನಾನು ಅದನ್ನು ಒಂದೇ ಪೀರಿಯಡ್ ಕೇಳಿದ್ದೆ. ಆಮೇಲೆ ಕೇಳದ ಹಾಗೆ ನಾನೇ ವ್ಯವಸ್ಥೆ ಮಾಡಿದ್ದೆ.

“ನೀನು ಅಂತ ಗೊತ್ತಿರಲಿಲ್ಲ,” ಎಂದೆ.

“ನಂಗ ಗೊತ್ತಾತ್ರಿ. ನಿಮ್ಮ ಅರ್ಜಿ ಬಂತಲ್ರಿ, ಸುಪರ್‌ವೈಸರಗ ಓದಾಕ ಬರಲಿಲ್ಲ, ಕೂಡಿಸಿ ಬರದಿದ್ರಿ. ‘ಕ್ಲಾರಾ, ನೀ ಕಾನ್ವೆಂಟಿನಾಕಿ ಅಲ್ಲೇನು, ಓದು’ ಅಂತ ನನ್ನ ಕೈಯಾಗ ಕೊಟ್ಟ. ಎಲ್ಲಾರ ಮುಂದ ನಾನ ಓದೇನಿ. ಪ್ರೋಗ್ರೆಸ್ ಕಾರ್ಡಿನ್ಯಾಗ ನೋಡಿದ ಅಕ್ಷರ, ಮರೀತೇನೇನ್ರಿ?” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಕನ್ನಡದಾಗ ಅರ್ಥಾ ಹೇಳಾಕೂ ಹೇಳಿದ. ‘ಮ್ಯೂಸಿಕಲಿ ಇನ್‌ಕರೆಕ್ಟ್’ ಅನ್ನೂದಕ್ಕ ನಾ ಏನ್ ಹೇಳ್ಲಿ? ಹಾಡು ಪಾಸಾಗಿಲ್ಲಂತ ಅಂತ ಹೇಳಿದ್ನಿ.”

ನಾನು ಬಕೆಟನ್ನು ಎಡಗೈಯಿಂದ ಬಲಗೈಗೆ ದಾಟಿಸಿದೆ.

“ಈಗ ಒಂದು ತ್ರಾಸ ಆಗೇತ್ರಿ ಮಿಸ್, ಅದಕ್ಕ ನಿಂತೆ. ಸೀಟಿ ಕೇಳೂದಿಲ್ಲ ಅಂತ ಬ್ಯಾರೆ ಓಣಿಯವರು ಕಂಪ್ಲೇಂಟ್ ಕೊಡಾಕ ಹತ್ತ್ಯಾರ. ಹಾಡಿದ್ರ ನಿಮ್ಮದು, ಹಾಡದಿದ್ರ ಅವರದು. ಇನ್ನೊಂದು ಬಂದ್ರ ಸ್ಟೇರಿಂಗ್ ಬಿಡಿಸಿ ಶೆಡ್ಡಿನ್ಯಾಗ ಕಸಾ ಆರಿಸಾಕ ಹಾಕ್ತೇನಿ ಅಂದಾನ ಸುಪರ್‌ವೈಸರ್. ಡ್ರೈವಿಂಗ್ ಕಲ್ಯಾಕ ನಾ ಎಷ್ಟು ಒದ್ದಾಡೇನಿ ನಿಮಗ ಗೊತ್ತಿಲ್ಲ. ಕಸದ ಆಸೆ ಅಲ್ರಿ ನಂದು. ಗಾಡ್ಯಾಗ ನಾ ಒಬ್ಬಾಕೀನ ಕುಂತಿರ್ತೇನಿ. ಬಾಗಲಾ ಹಾಕಿರ್ತೇನಿ. ಅಲ್ಲಿ ಯಾರೂ ಭುಜಾ ಮುಟ್ಟೂದಿಲ್ಲ.”

ಸಾರಿ ಎನ್ನುವ ಶಬ್ದವನ್ನು ನಾನು ಎಷ್ಟು ಮಕ್ಕಳ ಬಾಯಿಂದ ಹೊರಡಿಸಿಲ್ಲ? ಜೋರಾಗಿ, ಕ್ಲಿಯರ್ ಆಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳು ಎನ್ನುತ್ತಿದ್ದೆ. ಅವತ್ತು ನನ್ನ ಬಾಯಿಂದ ಅದು ಗೇಟಿನ ಚಿಲಕದ ಕಡೆ ನೋಡುತ್ತಾ, ಅರ್ಧ ದನಿಯಲ್ಲಿ ಬಂತು. ಕ್ಲಾರಾ ಕೇಳಿಸಿಕೊಂಡಳೋ ಇಲ್ಲವೋ. “ಗಾಡಿ ಲೇಟ್ ಆಗ್ತೇತ್ರಿ ಮಿಸ್,” ಎಂದು ಮಾಸ್ಕ್ ಏರಿಸಿ ಹತ್ತಿಕೊಂಡಳು.

ಹತ್ತು ಗಂಟೆಗೆ ಆಫೀಸಿನಲ್ಲಿದ್ದೆ. ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಟೇಬಲ್ಲಿನ ಹಿಂದೆ ಇದ್ದವರು ಒಳ್ಳೆಯ ಮನುಷ್ಯ, ಕನ್ನಡಕ ಮೂಗಿನ ತುದಿಯಲ್ಲಿ.

“ವಾಪಸ್ ಹೆಂಗ್ ತಗೋತೀರಿ ಮೇಡಮ್? ಕ್ರಮಾ ಆಗಿಬಿಟ್ಟೈತಿ. ಈಗ ಹಾಡು ಮತ್ತ ಹಚ್ಚಬೇಕಂದ್ರ ಅದಕ್ಕೊಂದು ಅರ್ಜಿ ಬೇಕು. ಹಾಡಿನ ಮ್ಯಾಲೆ ತಕರಾರ ಇಲ್ಲ ಅಂತ.”

ಅಲ್ಲಿಯೇ ಕುಳಿತು ಬರೆದೆ. ‘ಮರುಪರಿಶೀಲನೆಯ ನಂತರ ಸದರಿ ಹಾಡು ಟಾಲರೇಬಲ್ ಎಂದು ಕಂಡುಬಂದಿದೆ.’ ಅವರು ಓದಿದರು.

“ಟಾಲರೇಬಲ್ ಅಂದ್ರ?”

“ಸಹಿಸಬಹುದು.”

“ಅಂದ್ರ ಇನ್ನೂ ತ್ರಾಸ ಐತಿ ಅಂತ ಆತಲ್ರಿ. ಸಾಹೇಬ್ರು ಸೈ ಮಾಡೂದಿಲ್ಲ.”

ಅದನ್ನು ಹೊಡೆದು ಹಾಕಿ, ‘ಹಾಡಿನಲ್ಲಿ ಕೆಲವು ಗುಣಗಳಿವೆ’ ಎಂದು ಬರೆದೆ.

“ಯಾವ ಗುಣಾ ರೀ? ಪಟ್ಟಿ ಮಾಡ್ತೀರೇನು?”

“ನಡುವೆ ಒಂದು ಖಾಲಿ ಇದೆ. ಅದು ಚೆನ್ನಾಗಿದೆ.”

“ಖಾಲಿ ಚೊಲೋ ಐತಿ ಅಂತ ಬರದ್ರ ಹಾಡು ಬ್ಯಾಡ ಅಂದಂಗ ಆಗ್ತೈತಿ.” ಅವರು ಕನ್ನಡಕ ತೆಗೆದು ಒರೆಸಿದರು. “ಮೇಡಮ್, ಸೀದಾ ಬರೀರಲ್ಲ. ನಿಮಗ ಹಾಡು ಸೇರ್ತದೋ ಇಲ್ಲೋ?”

ಎದೆಯಲ್ಲಿ ಸಿಸ್ಟರ್ ಬರ್ನಾಡೆಟ್ ಬಾಯಿಂದ “ಟಂಗ್” ಎಂದರು. ಹೊಸ ಕಾಗದ ಕೇಳಿ ತೆಗೆದುಕೊಂಡೆ. ಒಂಬತ್ತು ಪದದ ಹಾಡು, ಎರಡು ರಿಪೀಟ್, ಒಂದು ಫ್ಲ್ಯಾಟ್. ‘ಐ ಲೈಕ್ ದಿಸ್ ಸಾಂಗ್,’ ಎಂದು ಬರೆದೆ. ಡ್ರೈವರ್ ಕ್ಲಾರಾ ಅದನ್ನು ಹಾಡುವುದು ಕೂಡ ಸರಿಯಾಗಿಯೇ ಇದೆ, ಈ ಬಗ್ಗೆ ನಾನು ಮೊದಲು ಹೇಳಿದ್ದು ತಪ್ಪು, ನಾನು ಸಂಗೀತದ ಟೀಚರ್ ಆಗಿದ್ದೆ, ಆದ್ದರಿಂದ ಈ ಮಾತನ್ನು ನಂಬಬಹುದು ಎಂದೂ ಸೇರಿಸಿದೆ. ಈ ಸಲ ಕೂಡಿಸಿ ಬರೆಯಲಿಲ್ಲ. ಯಾರು ಬೇಕಾದರೂ ಓದುವ ಹಾಗೆ ಬಿಡಿ ಬಿಡಿ ಅಕ್ಷರದಲ್ಲಿ ಬರೆದೆ. ಕೆಳಗೆ ಹೆಸರು, ಸಹಿ.

“ಈಗ ಆತು ನೋಡ್ರಿ,” ಎಂದರು ಅವರು, ಸೀಲು ಒತ್ತುತ್ತಾ. “ನನ್ನ ಮಗಳಿಗೂ ಅದ ಹಾಡು ಹುಚ್ಚು. ನಂಗಂತೂ ಕೇಳಿ ಕೇಳಿ ತಲಿ ಚಿಟ್ಟ ಹಿಡದೈತಿ.”

ಮುಂದಿನ ಸೋಮವಾರ ಏಳು ಗಂಟೆಗೆ ಓಣಿಯ ತಿರುವಿನಲ್ಲಿ ‘ಈ ದಂಡಿ ನಂದಲ್ಲ’ ಕೇಳಿಸಿತು. ಬಾಗಿಲುಗಳು ತೆರೆದವು, ಬಕೆಟ್‌ಗಳು ಬಂದವು. ವೈನಿ ಹೆರಳು ಕಟ್ಟಿಕೊಳ್ಳುತ್ತಲೇ ಓಡಿ ಬಂದು ನನ್ನ ಪಕ್ಕದಲ್ಲಿ ನಿಂತು, ಮೊದಲು ನನ್ನ ಕಾಲು ನೋಡಿದರು. “ಇವತ್ತೂ ಇರುವಿ ಐತೇನ್ರಿ?” “ಇವತ್ತು ಇರುವಿ ಇಲ್ಲ,” ಎಂದೆ. ಕಾಲನ್ನು ಅದರ ಪಾಡಿಗೆ ಬಿಟ್ಟೆ.

ಗಾಡಿ ನನ್ನ ಗೇಟಿಗೆ ಬಂತು. ನಾನೇ ಬಕೆಟ್ ಸುರಿದೆ. ಆ ದಂಡಿಯೂ ನಂದಲ್ಲ ಎಂದಾಯಿತು. ಗಿಟಾರು ನಿಂತಿತು. ಖಾಲಿ ಬಂತು. ಕ್ಲಾರಾ ಹಾಡಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, ಕಿಟಕಿಯಿಂದ ನನ್ನನ್ನು ನೋಡುತ್ತಾ ಕುಳಿತಳು. ಜಾಗ ನನಗೆ ಬಿಟ್ಟಿದ್ದಳು.

ನಾನು ಗದ್ದ ಎತ್ತಿದೆ. ಕೈಯಲ್ಲಿ ಬಕೆಟ್ ಇದ್ದುದರಿಂದ ಕೈಗಳನ್ನು ಬೆನ್ನ ಹಿಂದೆ ಕಟ್ಟಲು ಆಗಲಿಲ್ಲ. ಬಾಯಿ ತೆರೆದೆ. ಊರಿಗೆಲ್ಲ ಶ್ರುತಿ ಕೊಟ್ಟ ಗಂಟಲಿನಿಂದ ಖಾಲಿ ಗಾಳಿ ಬಂತು, ಸೈಕಲ್ಲಿನ ಟ್ಯೂಬ್ ಬಿಚ್ಚಿದ ಹಾಗೆ. ಹದಿನಾರು ವರ್ಷ ಹಾಡಿರಲಿಲ್ಲ ನಾನು. ನಾಲ್ಕು ಎಣಿಕೆ ಅಷ್ಟು ಉದ್ದ ಇರುತ್ತದೆ ಎಂದು ಗೊತ್ತಿರಲಿಲ್ಲ. ವೈನಿ ಕೂಡ ನಗಲಿಲ್ಲ.

ಹಾಡು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುವ ಮೊದಲು ಕ್ಲಾರಾ ಕಿಟಕಿಯಿಂದ ಬಾಗಿದಳು. ಕೈ ಚಾಚಿ, ನನ್ನ ಭುಜವನ್ನು ಒಮ್ಮೆ ಮುಟ್ಟಿದಳು.

“ನೀವು ಬಾಯಿ ಆಡಸ್ರಿ ಮಿಸ್, ಸಾಕು,” ಎಂದಳು. “ದನಿ ನಾ ಬಿಡ್ತೇನಿ.”

ಆ ದಂಡಿ ನಂದಲ್ಲ ಬಂತು, ಗಿಟಾರು ನಿಂತಿತು, ಅವಳು ಎಳೆದಳು. ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಖಾಲಿ ಬಕೆಟ್ ಹಿಡಿದು, ಎಡಗಾಲಿನಲ್ಲಿ ತಾಳ ಹಾಕುತ್ತಾ, ನಾನು ಬಾಯಿ ಆಡಿಸಿದೆ.